ರೈಟ್ರು ಬರೆದ ಕಾರ್ಡು

ಆಲ್ದೂರು,
ಚಿಕ್ಕಮಗಳೂರು ಜಿಲ್ಲೆ

ಪ್ರೀತಿಯ ಹುಡುಗೀ,

ನಿನ್ನ ಬರಹಗಳ ಕಟ್ಟು ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಮಳೆ ಒಂದು ಕಾರಣ, ಕರೆಂಟು ಇನ್ನೊಂದು. ನಿಜವಾದ ಕಾರಣ ನಿನ್ನ ಕೊನೆಯ ಸಾಲು. 'ಎಂಟು ತಿಂಗಳಿಂದ ಬರೀತಿದ್ದೀನಿ ಸರ್. ಓದೋರು ಅಂದ್ರೆ ನಮ್ಮಕ್ಕ, ಅವಳ ಫ್ರೆಂಡು ಅಷ್ಟೇ. ಬಿಟ್ಟು ಹೋಗದ ಓದುಗರು ಹೇಗೆ ಸಿಗ್ತಾರೆ? ಬರೆಯೋದನ್ನೇ ಬಿಟ್ಟುಬಿಡಲಾ?' ಅಂತ ಕೇಳಿದ್ದೀಯ. ಅವತ್ತೇ ಉತ್ತರ ಬರೆದಿದ್ದರೆ ಸುಮ್ನೆ ಸಮಾಧಾನದ ಮಾತು ಬರೆಯುತ್ತಿದ್ದೆ.

ಬೇಕಾದರೆ ಬಿಡು. ಬರೆಯದೆ ಇದ್ದರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಆದರೆ ಇಬ್ಬರೇ ಓದುತ್ತಾರೆ ಅನ್ನುವುದನ್ನು ಅಳುತ್ತಾ ಹೇಳಬೇಡ. 2025ರ ಮೇ ತಿಂಗಳಲ್ಲಿ ನಿಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬುಕರ್ ಬಂತಲ್ಲ, ಅಲ್ಲಿಂದ ಈಚೆಗೆ ನನ್ನಂಥವನ ಮನೆಗೂ ಹಸ್ತಪ್ರತಿ ಬರುವುದು ಜಾಸ್ತಿಯಾಗಿದೆ. ಎಲ್ಲರಿಗೂ ಬಹುಮಾನ ಕಾಣುತ್ತದೆ. ಬಹುಮಾನ ಬಂದ ಆ ಪುಸ್ತಕದ 12 ಕಥೆಗಳು 1990ರಿಂದ 2023ರವರೆಗೆ ಒಂದೊಂದಾಗಿ ಬಂದವು ಅನ್ನುವುದು ಯಾರಿಗೂ ಕಾಣುವುದಿಲ್ಲ. ನಿನ್ನದು ಎಂಟು ತಿಂಗಳು. ನಮ್ಮ ತೋಟದಲ್ಲಿ ಅರೇಬಿಕಾ ಕಾಫಿಯ ಹೂವು ಹಣ್ಣಾಗುವುದಕ್ಕೇ ಎಂಟೊಂಬತ್ತು ತಿಂಗಳು ಬೇಕು ಕಣಮ್ಮ.

ಎಷ್ಟು ಉದ್ದ ಬರೆಯಬೇಕು, ಯಾವ ಹೊತ್ತಿಗೆ ಹಾಕಿದರೆ ಜನ ನೋಡುತ್ತಾರೆ, ಫೋಟೊ ಬೇಕಾ, ತಲೆಬರಹ ಹೇಗಿರಬೇಕು ಅಂತೆಲ್ಲ ಕೇಳಿದ್ದೀಯ. ಇದನ್ನೆಲ್ಲ ನಿನ್ನ ವಯಸ್ಸಿನವರನ್ನು ಕೇಳು, ಚೆನ್ನಾಗಿ ಹೇಳುತ್ತಾರೆ. ವಾರದಲ್ಲಿ ಇಂಥ ದಿನ ಅಂತ ಗೊತ್ತು ಮಾಡಿಕೋ, ಅಷ್ಟು ಸಾಕು. ನಾಳೆ ಸಂತೆ ಅಂತ ಯಾರೂ ಡಂಗುರ ಹೊಡೆಸುವುದಿಲ್ಲ. ಜನ ತಾವಾಗಿಯೇ ಚೀಲ ಹಿಡಿದು ಬರುತ್ತಾರೆ ಅಲ್ವಾ?

ತಲೆಬರಹದ ಮಾತು ಎತ್ತಿದರೆ ಮಾತ್ರ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಒಂದು ವಾರಪತ್ರಿಕೆಗೆ 22 ವರ್ಷ ಅಂಕಣ ಬರೆದೆ. ಒಮ್ಮೆ ಕಾಫಿ ಗಿಡಕ್ಕೆ ಬೀಳುವ ಬಿಳಿ ಕಾಂಡಕೊರಕ ಹುಳದ ಬಗ್ಗೆ ಬರೆದಿದ್ದೆ. ಹುಳ ಬಿದ್ದ ಅರೇಬಿಕಾ ಗಿಡವನ್ನು ಪತ್ತೆ ಹಚ್ಚಿ, ಕಿತ್ತು, ಸುಡುವ ಕೆಲಸದ ಬಗ್ಗೆ. ಆಗಿನ ಸಂಪಾದಕರು ಅದಕ್ಕೆ 'ಕಾಫಿ ನಾಡಿಗೆ ಸಾವಿನ ಗಂಟೆ' ಅಂತ ಹೆಸರಿಟ್ಟರು. ಆ ವಾರ ಪತ್ರಿಕೆ ಚೆನ್ನಾಗಿ ಖರ್ಚಾಯಿತಂತೆ. ಮುಂದಿನ ವಾರ ನಮ್ಮೂರಿನ ಹೋಟೆಲಿನಲ್ಲಿ ಕೂತರೆ ಎಲ್ಲರದೂ ಒಂದೇ ಪ್ರಶ್ನೆ: 'ಗಂಟೆ ಯಾವಾಗ ಹೊಡಿಯುತ್ತೆ ಸ್ವಾಮಿ?' ಸಾಕಿದು.

ಈಗ ನಿನ್ನ ಕಟ್ಟು. 31 ಬರಹ ಇವೆ. ಎಲ್ಲವನ್ನೂ ಓದಿದ್ದೇನೆ, ನಂಬು. 'ಚಿಕ್ಕಮಗಳೂರಿನಲ್ಲಿ ನೋಡಲೇಬೇಕಾದ 10 ಜಾಗ' ಅನ್ನುವುದನ್ನೂ ಓದಿದೆ. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ ಅಂದಿದ್ದೀಯ. ಸರಿಯೇ. ಅದನ್ನು ಹೇಳುವುದಕ್ಕೆ ನೀನೇ ಬೇಕಾ? ಮೇಲೆ ಹೋದಾಗ ಗಾಳಿಗೆ ನಿನ್ನ ದುಪಟ್ಟಾ ಏನಾಯಿತು ಅಂತ ಒಂದು ಸಾಲಿಲ್ಲ. ನೀನು ಹತ್ತೇ ಇಲ್ಲ ಅಂತ ನನ್ನ ಗುಮಾನಿ.

ಹೀಗೆ ಬೈದುಕೊಂಡು ಓದುತ್ತಿದ್ದವನಿಗೆ 19ನೆಯದು ಸಿಕ್ಕಿತು. ನಿಮ್ಮ ತಂದೆ ಹಾಸನದ ಎಪಿಎಂಸಿಗೆ ಬಿತ್ತನೆ ಆಲೂಗಡ್ಡೆ ತರಲು ಹೋಗುವುದು. ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬಂದ ಮೂಟೆಗಳು. ಅವರು ಮೂಟೆಯೊಳಗೆ ಮೊಣಕೈವರೆಗೆ ಕೈ ಹಾಕಿ ತಳದ ಗಡ್ಡೆ ತೆಗೆಯುವುದು, ಹೆಬ್ಬೆರಳಿನಲ್ಲಿ ಒತ್ತುವುದು, ಮೂಸುವುದು. ಮನೆಗೆ ತಂದ ಮೇಲೆ ಅಮ್ಮ, ಚಿಕ್ಕಮ್ಮ ಜಗಲಿಯಲ್ಲಿ ಕೂತು ಒಂದೊಂದು ಹೋಳಿಗೂ ಮೊಳಕೆ ಬರುವ ಕಣ್ಣು ಉಳಿಯುವ ಹಾಗೆ ಕೊಯ್ಯುವುದು. 'ಕಣ್ಣಿಲ್ಲದ ಹೋಳು ಸಾರಿಗೆ' ಅನ್ನುವ ನಿಮ್ಮ ಚಿಕ್ಕಮ್ಮನ ಮಾತು. ಮೂರು ಸಲ ಓದಿದೆ. ನನ್ನ ಹೆಂಡತಿಗೂ ಓದಿ ಹೇಳಿದೆ. ಅವಳು ನನ್ನ ಬರಹ ಕೇಳಿಸಿಕೊಳ್ಳುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ನಿನ್ನದನ್ನು ಕೂತು ಕೇಳಿದಳು.

ಅದರ ಎರಡನೆಯ ಪುಟದಲ್ಲಿ 'ಆಲೂಗಡ್ಡೆ ನಮ್ಮ ನೆಲದ ಪುರಾತನ ಬೆಳೆ' ಅಂತ ಬರೆದಿದ್ದೀಯ. ಇಲ್ಲಮ್ಮ. ಅದು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳದ್ದು. ಯುರೋಪಿನವರ ಹಡಗು ಹತ್ತಿ ಇಲ್ಲಿಗೆ ಬಂತು. 1117ರಲ್ಲಿ ಬೇಲೂರಿನ ಗುಡಿ ಕಟ್ಟಿಸಿದ ವಿಷ್ಣುವರ್ಧನ ಅಷ್ಟು ದೊಡ್ಡ ದೊರೆಯಾದರೂ ಒಂದು ದಿನವೂ ಆಲೂಗಡ್ಡೆ ಪಲ್ಯ ತಿಂದವನಲ್ಲ.

ತಪ್ಪು ಬರೆದೆಯಲ್ಲ ಅಂತ ನನಗೆ ಬೇಜಾರಿಲ್ಲ. ಆಮೇಲೆ ನೀನು ಮಾಡಿದ ಕೆಲಸಕ್ಕೆ ಬೇಜಾರು. ಯಾರೋ ಗುರುತಿಲ್ಲದವರು 'ಆಲೂಗಡ್ಡೆ ಹೊರಗಿಂದ ಬಂದಿದ್ದಲ್ವಾ?' ಅಂತ ಕೇಳಿದರು, ಅವಮಾನವಾಗಿ ಇಡೀ ಬರಹವನ್ನೇ ತೆಗೆದುಹಾಕಿದೆ ಅಂತ ಬರೆದಿದ್ದೀಯ. ಅಲ್ಲ ಕಣೇ, ಓದುವವರಿಲ್ಲ ಅಂತ ಗೋಳಾಡುವವಳು ನೀನೇ. ಎರಡನೆಯ ಪುಟದವರೆಗೆ ಓದಿ, ತಲೆ ಕೆಡಿಸಿಕೊಂಡು, ಒಂದು ಸಾಲು ಬರೆದು ಕಳಿಸಿದವರು ನಿನ್ನ ಮೂರನೆಯ ಓದುಗರು. ಅವರ ಮುಖದ ಮೇಲೆ ಬಾಗಿಲು ಹಾಕಿದೆಯಲ್ಲ.

ಇದನ್ನು ಬೈಯಲು ನನಗೇನೂ ಯೋಗ್ಯತೆ ಇಲ್ಲ. ಕೇಳು.

1988ರಲ್ಲಿ ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಬಾಡಿಗೆ ಕೋಣೆಯಲ್ಲಿ ಕೂತು ಊರಿನ ಬಗ್ಗೆ ಬರೆಯುತ್ತಿದ್ದೆ. ಮಾರ್ಚ್ ತಿಂಗಳು. 'ನಿನ್ನೆ ಸಂಜೆ ಹೂಮಳೆ ಬಿತ್ತು. ಬೆಳಿಗ್ಗೆ ಎದ್ದು ನೋಡಿದರೆ ತೋಟವೆಲ್ಲ ಬೆಳ್ಳಗೆ, ಘಮಘಮ' ಅಂತ ಶುರು ಮಾಡಿದೆ. ಹೂಮಳೆ ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ. ಬಹಳ ಜನ ಮೆಚ್ಚಿ ಕಾಗದ ಬರೆದರು. ಅವುಗಳ ನಡುವೆ ಒಂದು ಕಾರ್ಡಿತ್ತು. 'ಸ್ವಾಮಿ, ನಮಸ್ಕಾರ. ಮಳೆ ಬಿದ್ದ ಮರುದಿನವೇ ಅರಳುವ ಕಾಫಿ ತಳಿ ಯಾವುದು? ನಮ್ಮಲ್ಲಿ ಎಂಟೊಂಬತ್ತು ದಿನ ಹಿಡಿಯುತ್ತದೆ. ತಿಳಿಸಿದರೆ ಸಾಹುಕಾರರಿಗೆ ಹೇಳಿ ಅದನ್ನೇ ಹಾಕಿಸುತ್ತೇವೆ. ಇತಿ, ರೈಟ್ರು.'

ನೀನು ಬಯಲುಸೀಮೆಯ ಕಡೆಯವಳು, ಅದಕ್ಕೆ ಹೇಳುತ್ತೇನೆ. ನಮ್ಮ ತೋಟಗಳಲ್ಲಿ ರೈಟ್ರು ಅಂದರೆ ಸಾಹಿತಿ ಅಲ್ಲ. ಆಳುಗಳ ಹಾಜರಿ, ಚೆಕ್‌ರೋಲ್ ಬರೆದುಕೊಂಡು ಕೆಲಸ ಮಾಡಿಸುವವರು. ಅವರು ಬರೆದದ್ದು ತಪ್ಪಿದರೆ ಯಾರದೋ ಒಂದು ದಿನದ ಸಂಬಳ ಹೋಗುತ್ತದೆ.

ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ತೋಟದಲ್ಲೇ ಹುಟ್ಟಿದವನು ನಾನು. ಮಳೆ ಬಿದ್ದ ಮೇಲೆ ದಿನದಿಂದ ದಿನಕ್ಕೆ ಮೊಗ್ಗು ಉಬ್ಬುವುದನ್ನು ನೋಡಿದ್ದೆ. ಹೂ ಬಿಡುವ ದಿನ ಮಳೆ ಬಂದರೆ ಕಾಯಿ ಕಟ್ಟುವುದು ಕೆಡುತ್ತದೆ ಅಂತ ಅಪ್ಪ ಆಕಾಶಕ್ಕೆ ಕೈಮುಗಿದು 'ಇವತ್ತೊಂದು ದಿನ ಬರಬೇಡಪ್ಪಾ' ಅನ್ನುವುದನ್ನು ಕೇಳಿದ್ದೆ. ಬರೆಯುವಾಗ ಅಷ್ಟು ದಿನ ಕಾಯಲು ನನಗೆ ಪುರುಸೊತ್ತಿರಲಿಲ್ಲ. ಸಾಲು ಚೆಂದ ಕಾಣಲಿ ಅಂತ ಮಳೆಯಿಂದ ಹೂವಿಗೆ ಹಾರಿದೆ. ಬರೆಯಬೇಕಾಗಿದ್ದದ್ದೇ ನಡುವಿನ ಆ ಒಂಬತ್ತು ದಿನ ಅಂತ ಹೊಳೆಯುವಷ್ಟರಲ್ಲಿ ತಲೆ ನೆರೆತಿತ್ತು.

ಕಾರ್ಡನ್ನು ಸಂಪಾದಕರಿಗೆ ತೋರಿಸಿದೆ. 'ಒಂದು ಕಾರ್ಡಿಗೆಲ್ಲ ಯಾಕ್ರೀ ತಲೆ ಕೆಡಿಸ್ಕೋತೀರಿ' ಅಂದರು. ನನಗೂ ಅದೇ ಬೇಕಿತ್ತು. ಉತ್ತರ ಬರೆಯಲಿಲ್ಲ.

ಹದಿಮೂರು ವರ್ಷದ ಮೇಲೆ, ಊರಿಗೆ ವಾಪಸು ಬಂದ ಹೊಸದರಲ್ಲಿ, ಒಂದು ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಅದೇ ರೈಟ್ರು. ನನ್ನ ಹೆಸರು ಕೇಳಿ 'ಓ, ನೀವಾ' ಅಂದರು. ಅವರು ಭಾನುವಾರ ಸಂಜೆ ತೋಟದ ಆಳುಗಳ ಲೈನ್ ಮನೆಗಳ ಮುಂದೆ ಕೂತು ಪತ್ರಿಕೆ ಓದಿ ಹೇಳುತ್ತಿದ್ದರಂತೆ. ಹದಿನೈದಿಪ್ಪತ್ತು ಜನ ಕೇಳಲು ಸೇರುತ್ತಿದ್ದರಂತೆ. 'ಆ ಹೂವಿನ ಕಥೆ ಆದ್ಮೇಲೆ ನಿಮ್ಮದು ಓದೋಕೆ ಆಗ್ಲಿಲ್ಲ ಸ್ವಾಮಿ. ನಮ್ಮೋರು ನಗ್ತಿದ್ರು. ಪುಟ ತಿರುಗಿಸಿಬಿಡ್ತಿದ್ದೆ' ಅಂದರು. ಸಿಟ್ಟಿರಲಿಲ್ಲ. ಹೇಳಿ ಪಾಯಸಕ್ಕೆ ಕೈ ಹಾಕಿದರು. ನನಗೆ ಅವತ್ತು ಪಾಯಸ ಇಳಿಯಲಿಲ್ಲ.

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ನಿನಗೆ ಗೊತ್ತೇ ಇರುತ್ತದೆ. ವಿಗ್ರಹಕ್ಕೆ ಗಂಧ ಬಳಿದರೆ ಹೊಕ್ಕುಳ ಹತ್ತಿರ ಮಾತ್ರ ಒಣಗಲಿಲ್ಲ. ಒಳಗೆ ಕಪ್ಪೆ ಇತ್ತು. ದೋಷ ತೋರಿಸಿದ ಹುಡುಗನ ಎದುರು ಜಕಣಾಚಾರಿ ಬಲಗೈ ಕತ್ತರಿಸಿಕೊಂಡ ಅಂತ ಕಥೆ. ನೀನು ಕೈಗೀಯಿ ಕತ್ತರಿಸಿಕೊಳ್ಳಬೇಡ. ಹಾಗಂತ ವಿಗ್ರಹವನ್ನೇ ಅಟ್ಟಕ್ಕೆ ಎಸೆಯುವುದೂ ಬೇಡ.

ಆ ಮದುವೆ ಊಟದ ಮೇಲೆ ನಾನು ಅಂಕಣದ ಕೆಳಗೆ ಎರಡು ಸಾಲು ಜಾಗ ಇಟ್ಟುಕೊಂಡೆ. ಹೋದ ವಾರ ಏನು ತಪ್ಪು ಬರೆದೆ, ಯಾರು ತಿದ್ದಿದರು, ಅಷ್ಟೇ. ಮೊದಲನೆಯದು ಅಕ್ಕಿ ರೊಟ್ಟಿ. ಹಸಿ ಹಿಟ್ಟು ಕಲಸಿ ತಟ್ಟುವುದು ಅಂತ ಬರೆದಿದ್ದೆ. 'ಮಲೆನಾಡಿನ ರೊಟ್ಟಿಗೆ ಹಿಟ್ಟು ಉಕ್ಕರಿಸಬೇಕು, ಕುದಿನೀರಿನಲ್ಲಿ ಬೇಯಿಸಿಕೊಳ್ಳಬೇಕು, ನಿಮ್ಮ ಮನೆಯಲ್ಲಿ ರೊಟ್ಟಿ ಮಾಡುವವರು ಯಾರು?' ಅಂತ ಕೊಪ್ಪದ ಅಜ್ಜಿಯೊಬ್ಬರು ಬೈದು ಬರೆದರು. ಹಾಗೇ ಅಚ್ಚಾಯಿತು. ಆಮೇಲೆ ಬರುವ ಕಾಗದಗಳ ಬಣ್ಣವೇ ಬದಲಾಯಿತು. 'ಅದ್ಭುತ', 'ಮನ ಮುಟ್ಟಿತು' ಕಡಿಮೆಯಾಯಿತು. ಮಳೆಯ ಅಳತೆ, ಮರದ ಹೆಸರು, ಸೋಬಾನೆ ಹಾಡಿನ ಬಿಟ್ಟುಹೋದ ಸಾಲು, ಇಂಥವು ಬರತೊಡಗಿದವು. ಕೆಲವರು ಪತ್ರಿಕೆ ಬಿಚ್ಚಿದರೆ ಮೊದಲು ಆ ಎರಡು ಸಾಲನ್ನೇ ಓದುತ್ತಿದ್ದರು. ಅಂಕಣ ನಿಂತು ಬಹಳ ವರ್ಷವಾಯಿತು. ಮೂಡಿಗೆರೆ ಕಡೆಯ ಒಬ್ಬರು ಈಗಲೂ ಫೋನ್ ಮಾಡಿ ನಾನು ಯಾವತ್ತೋ ಬರೆದ ಹಕ್ಕಿಯ ಹೆಸರು ತಿದ್ದುತ್ತಾರೆ. ನೀನು ಕೇಳಿದೆಯಲ್ಲ, ಬಿಟ್ಟು ಹೋಗದ ಓದುಗರು ಅಂತ. ನನಗೆ ಸಿಕ್ಕಿದ್ದು ಇಂಥವರು. ಸ್ವಲ್ಪ ಪೀಡೆ.

ಹಾಗಾಗಿ ಆ 19ನೆಯದನ್ನು ಮತ್ತೆ ಹಾಕು. 'ಪುರಾತನ' ಅನ್ನುವ ಸಾಲನ್ನು ಸದ್ದಿಲ್ಲದೆ ಅಳಿಸಬೇಡ. ತಪ್ಪಿತ್ತು, ಇಂಥವರು ಹೇಳಿದರು ಅಂತ ಕೆಳಗೆ ಬರೆ. ನಿಮ್ಮ ಹೊಲ ಅಂಗಮಾರಿ ರೋಗಕ್ಕೆ ಸುಟ್ಟು ಕರಕಲಾದ ವರ್ಷವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀಯ. ಅಲ್ಲೂ ನಾನು ಮಾಡಿದ ಹಾಗೆ ಹಾರಿದ್ದೀಯ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಬಿದ್ದು ಲಕ್ಷಾಂತರ ಜನರನ್ನು ಹಸಿವಿನಿಂದ ಕೊಂದದ್ದೂ ಇದೇ ರೋಗ. ಎಲೆಯ ಮೇಲೆ ಮೊದಲ ಕಪ್ಪು ಚುಕ್ಕೆ ಯಾವತ್ತು ಕಂಡಿತು, ಔಷಧಿಗೆ ದುಡ್ಡು ಎಲ್ಲಿಂದ ತಂದರು, ಮನೆಯಲ್ಲಿ ಯಾರು ಮಾತು ಬಿಟ್ಟರು, ಅದೆಲ್ಲ ನಿನಗೆ ಗೊತ್ತು. ಐರ್ಲೆಂಡಿನದು ನನಗೂ ಗೊತ್ತು, ಇದು ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ. ಕೊಯ್ದ ಹೋಳುಗಳನ್ನು ಬಿತ್ತುವ ಮೊದಲು ಏನು ಮಾಡುತ್ತೀರಿ ಅಂತ ನೀನು ಬರೆದಿಲ್ಲ. ಬೂದಿ ಹಚ್ಚುತ್ತೀರಾ, ಔಷಧಿಯಲ್ಲಿ ಅದ್ದುತ್ತೀರಾ, ಹಾಗೇ ನೆರಳಲ್ಲಿ ಆರಲು ಬಿಡುತ್ತೀರಾ? ನನ್ನ ಹೆಂಡತಿ ಎರಡು ದಿನದಿಂದ ಕೇಳುತ್ತಿದ್ದಾಳೆ. ಊಹೆ ಮಾಡಿ ಬರೆಯಬೇಡ, ನಿಮ್ಮ ಚಿಕ್ಕಮ್ಮನನ್ನು ಕೇಳಿ ತಿಳಿಸು.

ಇತಿ,
ನಿನ್ನ ಆಲ್ದೂರಿನ ಮುದುಕ