ಬಾಗಿಲು ಮುಚ್ಚಿದ್ದರೆ ಸಿಟ್ಟಲ್ಲ

ಗ್ಯೋಟಿಂಗೆನ್, ಜರ್ಮನಿ
23 ಡಿಸೆಂಬರ್ 2025

ಪ್ರೀತಿಯ ಆಯಿ, ಅಪ್ಪಯ್ಯ, ಅಜ್ಜಿ,

ಉಭಯ ಕುಶಲೋಪರಿ ಸಾಂಪ್ರತ. ಅಜ್ಜ ಪ್ರತಿ ಕಾರ್ಡಿನ ತಲೆಯಲ್ಲೂ ಬರೆಯುತ್ತಿದ್ದ ಸಾಲು. ಕಾಗದ ಅಂದರೆ ಹೀಗೇ ಶುರುವಾಗಬೇಕು ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅಜ್ಜಿಗೆ ವಿಡಿಯೋ ಕಾಲಿನಲ್ಲಿ ನನ್ನ ಮುಖ ಕಾಣುತ್ತದೆ, ಮಾತು ಕೇಳುವುದಿಲ್ಲ. ಅದಕ್ಕೇ ಈ ಕಾಗದ. ತಮ್ಮ ಜಗುಲಿಯಲ್ಲಿ ಕೂತು ಜೋರಾಗಿ ಓದಲಿ. ನಡುನಡುವೆ ತನ್ನ ಮಸಾಲೆ ಸೇರಿಸುವುದು ಬೇಡ.

ಆಯಿ, ಹೋದ ವಾರ ನೀನು ಕೇಳಿದೆಯಲ್ಲ, "ಅಲ್ಲಿ ನಿನಗೆ ಮಾತಿಗೆ ಜನ ಇದ್ದಾರಾ?" ಅಂತ. ಇದ್ದಾರೆ ಅಂದೆ. ಅದು ಈಗ ನಿಜ. ಆದರೆ ಅಕ್ಟೋಬರದಲ್ಲೂ ಇದೇ ಉತ್ತರ ಕೊಟ್ಟಿದ್ದೆ, ಆಗ ಅದು ಸುಳ್ಳು. ಫೋನಿನಲ್ಲಿ ಹೇಳಿದ್ದರೆ ಅವತ್ತು ರಾತ್ರಿ ನೀನು ಮಲಗುತ್ತಿರಲಿಲ್ಲ. ಈಗ ಹೇಳಬಹುದು.

ನಾವು ನಾಲ್ಕು ಜನ ಒಂದು ಮನೆಯಲ್ಲಿದ್ದೇವೆ. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಅಡುಗೆಮನೆ ಮತ್ತು ಬಚ್ಚಲು ಎಲ್ಲರಿಗೂ ಸೇರಿ. ಹೀಗೆ ಹಂಚಿಕೊಂಡು ಇರುವ ಮನೆಗೆ ಇಲ್ಲಿ 'ವೇಗೇ' ಅನ್ನುತ್ತಾರೆ. ಬವೇರಿಯಾ ಕಡೆಯ ಒಬ್ಬ ಹುಡುಗ, ಹ್ಯಾಂಬರ್ಗಿನ ಹುಡುಗಿ, ನನ್ನ ಹಾಗೇ ಅರಣ್ಯಶಾಸ್ತ್ರ ಓದುವ ಇರಾನಿನ ಹುಡುಗಿ, ಮತ್ತೆ ನಾನು. ಈ ವಾರ ಬಚ್ಚಲು ತಿಕ್ಕುವವರು ಯಾರು, ಕಸ ಇಡುವವರು ಯಾರು ಅಂತ ಫ್ರಿಜ್ ಮೇಲೆ ಒಂದು ಪಟ್ಟಿ ಅಂಟಿಸಿದ್ದಾರೆ. ಕಸ ಅಂದರೆ ಸುಮ್ನೆ ಅಲ್ಲ. ಕಾಗದಕ್ಕೆ ಒಂದು ಡಬ್ಬ, ಪ್ಲಾಸ್ಟಿಕ್‌ಗೆ ಒಂದು, ಸಿಪ್ಪೆಗೆ ಒಂದು. ನೀರಿನ ಬಾಟಲಿಯನ್ನು ಅಂಗಡಿಯ ಮಷಿನಿಗೆ ವಾಪಸ್ ಹಾಕಿದರೆ 25 ಸೆಂಟ್ ಬರುತ್ತದೆ. ತಮ್ಮ ಇಲ್ಲಿದ್ದರೆ ಅದರಲ್ಲೇ ಶ್ರೀಮಂತನಾಗುತ್ತಿದ್ದ.

ಮೊದಲ ಎರಡು ವಾರ ನನಗೆ ಒಂದೇ ಯೋಚನೆ: ಇವರಿಗೆಲ್ಲ ನನ್ನ ಮೇಲೆ ಯಾಕೆ ಸಿಟ್ಟು? ಯಾವಾಗ ನೋಡಿದರೂ ಮೂವರ ಬಾಗಿಲೂ ಮುಚ್ಚಿರುತ್ತಿತ್ತು. ನಮ್ಮ ಮನೆಯಲ್ಲಿ ರಾತ್ರಿ ಬಿಟ್ಟರೆ ಬಾಗಿಲು ಹಾಕುವುದು ಯಾವಾಗ? ದಾರಿಯಲ್ಲಿ ಹೋಗುವವರು ಕೂಗು ಹಾಕುತ್ತಲೇ ಒಳಗೆ ಬರುತ್ತಾರೆ. ಕುಡಿಯೋಕೆ ಆಸರಿಗೆ ಆಗಬೇಕು, ಕವಳದ ತಟ್ಟೆ ಮುಂದೆ ಬರಬೇಕು, ಬಂದ ಕೆಲಸ ಏನು ಅಂತ ಕೇಳುವುದು ಆಮೇಲೆ. ಇಲ್ಲಿ ಹಾಗೆ ಹೋಗಿ ಬಾಗಿಲು ತಟ್ಟಿದರೆ "ಏನಾಯ್ತು?" ಅಂತ ಗಾಬರಿಯಿಂದ ಎದ್ದು ಬರುತ್ತಾರೆ. ಕೊನೆಗೆ ಹ್ಯಾಂಬರ್ಗಿನವಳನ್ನೇ ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬಾಗಿಲು ಇರುವುದೇ ಮುಚ್ಚೋದಕ್ಕಲ್ವಾ ಅಂದಳು.

ಅದೇ ಹೊತ್ತಿಗೆ ಮಿಕ್ಸಿ ಪ್ರಸಂಗ ಆಯಿತು. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ತೆಳ್ಳೇವಿಗೆ ಅಕ್ಕಿ ರುಬ್ಬುತ್ತಿದ್ದೆ. ನೀನೇ ಸೀರೆಯಲ್ಲಿ ಸುತ್ತಿ ಕಳಿಸಿದ ಮಿಕ್ಸಿ, ಅದರ ಸದ್ದು ನಿನಗೆ ಗೊತ್ತೇ ಇದೆ. ಮಧ್ಯಾಹ್ನ ನೋಡಿದರೆ ಬಾಗಿಲಿಗೆ ಒಂದು ಚೀಟಿ. ಕೆಳಗಿನ ಮನೆಯವರದು. 'ಪ್ರಿಯ ನೆರೆಯವರೇ' ಅಂತ ಶುರು, ಕೊನೆಗೆ ನಮಸ್ಕಾರ, ನಡುವೆ ಮಂಗಳಾರತಿ. ಇಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಗಲಾಟೆ ಮಾಡುವ ಹಾಗಿಲ್ಲ, ಭಾನುವಾರ ಇಡೀ ದಿನ ಇಲ್ಲ. ಅಂಗಡಿಗಳೂ ಮುಚ್ಚಿರುತ್ತವೆ. ಖಾಲಿ ಗಾಜಿನ ಬಾಟಲಿಯನ್ನು ಬೀದಿಯ ಡಬ್ಬಕ್ಕೆ ಹಾಕುವುದೂ ತಪ್ಪು, ಸದ್ದಾಗುತ್ತದೆ ಅಂತ. ಅವತ್ತು ಸ್ವಲ್ಪ ಅತ್ತೆ. ತೆಳ್ಳೇವು ತಿನ್ನುತ್ತಲೇ ಅತ್ತೆ ಅನ್ನಿ, ಬಿಸಾಡೋಕಾಗುತ್ತಾ. ಈಗ ಶನಿವಾರ ಸಂಜೆಯೇ ರುಬ್ಬಿಡುತ್ತೇನೆ.

ಕ್ಲಾಸಿನಲ್ಲೂ ಮೊದಲ ದಿನ ಹೆದರಿದೆ. ಪಾಠ ಮುಗಿದ ಕೂಡಲೇ ಇಡೀ ಕ್ಲಾಸು ಬೆಂಚಿನ ಮೇಲೆ ಗಟ್ಟಿಯಾಗಿ ಗುದ್ದೋಕೆ ಶುರು ಮಾಡಿತು. ಮೇಷ್ಟ್ರ ಮೇಲೆ ದಂಗೆ ಎದ್ದರು ಅಂದುಕೊಂಡೆ. ಅದು ಚಪ್ಪಾಳೆಯಂತೆ! ಈಗ ನಾನೂ ಗುದ್ದುತ್ತೇನೆ, ಚೆನ್ನಾಗಿರುತ್ತದೆ.

ಹುಟ್ಟಿದ ಹಬ್ಬದ್ದು ಇನ್ನೊಂದು. ಬವೇರಿಯಾದವನಿಗೆ ಮರುದಿನ ಹುಟ್ಟಿದ ಹಬ್ಬ. ಬೆಳಗ್ಗೆ ಸಿಗುವುದಿಲ್ಲ ಅಂತ ಹಿಂದಿನ ದಿನವೇ ಶುಭಾಶಯ ಹೇಳಿದೆ. ಅವನ ಮುಖ ಸಣ್ಣದಾಯಿತು. ಮೊದಲೇ ಹೇಳಿದರೆ ಕೆಡುಕಂತೆ. ನೋಡು ಅಜ್ಜಿ, ಹೊರಡುವಾಗ ಯಾರಾದರೂ ಸೀನಿದರೆ ನೀನು ಐದು ನಿಮಿಷ ಕೂರಿಸುತ್ತೀಯಲ್ಲ, ಇವರು ಏನು ಕಡಿಮೆ ಇಲ್ಲ. ಕೇಕ್ ತರಬೇಕಾದವನೂ ಅವನೇ, ನಾವಲ್ಲ. ಸಂಜೆ ಎಲ್ಲರೂ ಬಿಯರ್ ಹಿಡಿದಿದ್ದರು. ಅಪ್ಪಯ್ಯ ಕೇಳುವ ಮೊದಲೇ ಹೇಳುತ್ತೇನೆ, ನಾನು ಕುಡಿದದ್ದು ಸೋಡಾ ಬೆರೆಸಿದ ಸೇಬಿನ ರಸ. ಯಾರೂ ಒತ್ತಾಯ ಮಾಡುವುದಿಲ್ಲ, ಯಾಕೆ ಕುಡಿಯಲ್ಲ ಅಂತಲೂ ಕೇಳುವುದಿಲ್ಲ. ನಮ್ಮಲ್ಲಿ ಒಂದು ಹೋಳಿಗೆ ಬೇಡ ಅಂದರೆ ಎಷ್ಟು ಕಾರಣ ಕೊಡಬೇಕು!

ಹ್ಯಾಂಬರ್ಗಿನವಳು ಒಂದು ದಿನ "ಕಾಫಿಗೆ ಸಿಗೋಣ" ಅಂದಳು. ಸರಿ ಅಂತ ನಾನು ಚಪ್ಪಲಿ ಹಾಕಿಕೊಂಡೆ. ಅವಳು ಫೋನಿನಲ್ಲಿ ಕ್ಯಾಲೆಂಡರ್ ತೆಗೆದಳು. ಮೂರು ವಾರದ ನಂತರದ ಗುರುವಾರ, ನಾಲ್ಕು ಗಂಟೆ. ಒಂದೇ ಮನೆಯಲ್ಲಿ ಇರುವವರು! ಮನಸ್ಸಿಗೆ ಹತ್ತಿತು. ಆದರೆ ಆ ಗುರುವಾರ ನಾಲ್ಕಕ್ಕೆ ಸರಿಯಾಗಿ ಬಂದಳು, ಫೋನು ಚೀಲಕ್ಕೆ ಹಾಕಿದಳು, ಏಳರವರೆಗೆ ಅದನ್ನು ಮುಟ್ಟಲಿಲ್ಲ. ನಮ್ಮ ಊರು, ತೋಟ, ಹೊಳೆ ಎಲ್ಲ ಕೇಳಿದಳು. ತನ್ನ ಅಪ್ಪ ಅಮ್ಮ ಬೇರೆಯಾದದ್ದನ್ನು ಹೇಳಿದಳು. ಎದ್ದಾಗ ಹೋಟೆಲಿನವನು ಒಟ್ಟಿಗೋ ಬೇರೆ ಬೇರೆಯೋ ಅಂತ ಕೇಳಿದ. ಬೇರೆ ಬೇರೆ ಅಂದಳು, ತನ್ನದಷ್ಟೇ ಕೊಟ್ಟಳು. ಮನೆ ವಿಷಯ ಅಷ್ಟು ಹೇಳಿಕೊಂಡವಳು ಒಂದು ಕಾಫಿ ದುಡ್ಡು ಕೊಡಲಿಲ್ಲ, ಕೊಡಿಸಿಕೊಳ್ಳಲೂ ಇಲ್ಲ. ಇದು ನನಗೆ ಇನ್ನೂ ಪೂರ್ತಿ ಒಗ್ಗಿಲ್ಲ.

ಭಾನುವಾರ ಏನೂ ಮಾಡುವ ಹಾಗಿಲ್ಲವಲ್ಲ, ಊರಿಗೆ ಊರೇ ಕಾಡಿಗೆ ನಡೆಯೋಕೆ ಹೋಗುತ್ತದೆ. ನಾನೂ ಇರಾನಿನವಳೂ ಹೋಗುತ್ತೇವೆ. ಬೀಚ್ ಅನ್ನುವ ಜಾತಿಯ ಮರಗಳೆಲ್ಲ ಈಗ ಬೋಳು. ಕೆಳಗೆ ಪಾದ ಮುಳುಗುವಷ್ಟು ಒಣ ಎಲೆಯ ದರಕು, ಗುಡಿಸುವವರೇ ಇಲ್ಲ! ಅಜ್ಜಿ ನೋಡಿದ್ದರೆ ತುಂಬಿ ಹೊರೋಕೆ ಕಲ್ಲಿ ಹುಡುಕುತ್ತಿದ್ದಳು. ಸೊಪ್ಪಿನ ಬೆಟ್ಟ ಅಂದರೇನು ಅಂತ ಇರಾನಿನವಳಿಗೆ ಅಲ್ಲೇ ನಿಂತು ಹೇಳಿದೆ. ಅಡಿಕೆ ತೋಟಕ್ಕೆ ಸೊಪ್ಪು ತರೋಕೆ ಅಂತಲೇ ಕಾಡಿನ ಪಾಲು ಇರುತ್ತದೆ ಅಂದರೆ ಅವಳು ನಂಬಲಿಲ್ಲ. ಅಪ್ಪಯ್ಯ, ನಮ್ಮ ಬೆಟ್ಟದ ಒಂದೆರಡು ಫೋಟೋ ಕಳಿಸು.

ಆ ಇರಾನಿನವಳಿಂದಲೇ ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಆಯಿ. ಮೊನ್ನೆ 21ಕ್ಕೆ ಅವರ ಯಲ್ದಾ. ವರ್ಷದ ಅತಿ ಉದ್ದದ ರಾತ್ರಿ, ಮಲಗದೆ ಕೂರಬೇಕು. ಇಲ್ಲಂತೂ ಈಗ ಸಂಜೆ ನಾಲ್ಕೂಕಾಲಿಗೇ ಕತ್ತಲು, ಬೆಳಗ್ಗೆ ಎಂಟೂಕಾಲು ದಾಟಿದ ಮೇಲೆ ಸೂರ್ಯ. ಅವಳು ಬಾಗಿಲು ತೆರೆದಿಟ್ಟು ನೆಲಕ್ಕೆ ಕಂಬಳಿ ಹಾಸಿದಳು. ಈ ಚಳಿಯಲ್ಲಿ ಕಲ್ಲಂಗಡಿ ಬೇರೆ ತಂದಿದ್ದಳು. ದೊಡ್ಡ ಪಾತ್ರೆ ನಡುವೆ ಇಟ್ಟು, ಕೈಗೆ ಒಂದೊಂದು ದಾಳಿಂಬೆ ಕೊಟ್ಟು, ಬಿಡಿಸಿ ಅಂದಳು. ಏಳು ಜನ ಸುತ್ತ ಕೂತೆವು. ಹತ್ತಾದ ಮೇಲೆ ಪಿಸುಮಾತು, ಕೆಳಗಿನ ಮನೆಯ ಚೀಟಿ ಎಲ್ಲರಿಗೂ ನೆನಪಿತ್ತು. ಕೈ ಅದರ ಪಾಡಿಗೆ ಬಿಡಿಸುತ್ತಿತ್ತು, ಮಾತು ಅದರ ಪಾಡಿಗೆ ಎಲ್ಲೆಲ್ಲೋ ಹೋಗುತ್ತಿತ್ತು. ಸುಗ್ಗಿಯಲ್ಲಿ ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುವಾಗ ಹೀಗೇ ಅಲ್ವಾ? ಸುಲಿಯುವ ಮೆಟ್ಟುಗತ್ತಿ ಒಂದು ಇರಲಿಲ್ಲ. ಬೆರಳೂ ಕಪ್ಪಾಗಲಿಲ್ಲ, ಕೆಂಪಾಯಿತು. ಬವೇರಿಯಾದವನು ಎರಡು ಕಾಳು ಪಾತ್ರೆಗೆ ಹಾಕಿದರೆ ನಾಲ್ಕು ಬಾಯಿಗೆ. ನಮ್ಮ ತಮ್ಮನೇ.

ಆಮೇಲೆ ಹಾಫಿಜ್ ಕವಿಯ ಪುಸ್ತಕ ತೆರೆದು ಒಬ್ಬೊಬ್ಬರಿಗೂ ಶಕುನ ನೋಡಿದಳು. ನನ್ನ ಪಾಲಿನ ಪದ್ಯ ಫಾರ್ಸಿಯಿಂದ ಇಂಗ್ಲಿಷಿಗೆ ಬಂದು, ಅದರ ಅರ್ಥಕ್ಕೆ ಜಗಳ ಆಗಿ, ಕೊನೆಗೆ ನನಗೆ ಮುಟ್ಟುವಾಗ ಉಳಿದದ್ದು ಇಷ್ಟೇ: ಸ್ವಲ್ಪ ತಡಿ. ನಾನು ಅಪ್ಪೆಮಿಡಿ ಭರಣಿ ತಂದೆ. ವಾಸನೆಗೇ ಎಲ್ಲರೂ ಬಗ್ಗಿದರು. ಹ್ಯಾಂಬರ್ಗಿನವಳು ಇಡೀ ಮಿಡಿಯನ್ನೇ ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು. ಆದರೂ ಎರಡನೆಯದು ಕೇಳಿದಳು. ಮಲಗುವಾಗ ಎರಡು ಗಂಟೆ.

ಅಪ್ಪಯ್ಯ, ಅಡಿಕೆ ಕೊನೆ ಕೊಯ್ಲು ಎಲ್ಲಿಗೆ ಬಂತು? ಮರ ಹತ್ತೋಕೆ ಕೊನೆಗೌಡ ಸಿಕ್ಕಿದನಾ? ಮಾರಿಕಾಂಬೆ ಜಾತ್ರೆಗೆ ಈ ಸಲ ನಾನಿಲ್ಲ, ಆಗ ಇಲ್ಲಿ ಪರೀಕ್ಷೆ. ಎರಡು ವರ್ಷಕ್ಕೆ ಒಮ್ಮೆ ಬರುವ ಜಾತ್ರೆ, ಈಗಲೇ ಹೊಟ್ಟೆ ಉರಿಯುತ್ತಿದೆ. ತಮ್ಮ ಅಲ್ಲಿ ತಿರುಗುವ ತೊಟ್ಟಿಲಲ್ಲಿ ಕೂತ ಫೋಟೋ ಕಳಿಸಿ ಉರಿಸುವುದು ಬೇಡ ಅಂತ ಹೇಳಿ. ಆಯಿ, ಯಾರಾದರೂ ಈ ಕಡೆ ಬರುವವರಿದ್ದರೆ ಹಲಸಿನ ಹಪ್ಪಳ ಒಂದು ಕಟ್ಟು ಕೊಡು. ಅಪ್ಪೆಮಿಡಿಯೂ ಬೇಕು. ಮೊದಲಿನ ಲೆಕ್ಕದಲ್ಲಿ ಸಾಲುವುದಿಲ್ಲ, ತಿನ್ನುವವರು ಜಾಸ್ತಿಯಾಗಿದ್ದಾರೆ.

ಇನ್ನೊಂದು, ಜನವರಿ 9ರ ಶುಕ್ರವಾರ ನಮ್ಮ ಸಂಜೆ ನಾಲ್ಕಕ್ಕೆ, ಅಂದರೆ ನಿಮ್ಮ ರಾತ್ರಿ ಎಂಟೂವರೆಗೆ ಫೋನ್ ಮಾಡಬೇಡಿ. ಹ್ಯಾಂಬರ್ಗಿನವಳ ಜೊತೆ ಕಾಫಿ ಇದೆ. ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ,
ನಿಮ್ಮ ಕೂಸು