ಬಾಣಂತಿಯರ ಹತ್ರ ಇದನ್ನೂ ಕೇಳಿ

ಮಾನ್ಯ ಸಂಪಾದಕರೇ,

ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಮೂತ್ರ ಸೋರುವ ತೊಂದರೆ ನಮ್ಮ ಉಡುಪಿ ಕಡೆಯ ಎಷ್ಟೋ ಹೆಂಗಸರಿಗೆ ಇದೆ. ಯಾರೂ ಬಾಯಿ ಬಿಡುವುದಿಲ್ಲ. ಸೀನು ಬಂತೆಂದರೆ ಕಾಲಿಗೆ ಕಾಲು ಕತ್ತರಿ ಹಾಕಿ ನಿಲ್ಲುವವರು, ಮಂಗಳೂರಿಗೆ ಬಸ್ಸು ಹತ್ತುವ ದಿನ ಬೆಳಿಗ್ಗೆಯಿಂದ ನೀರೇ ಮುಟ್ಟದವರು, ಸೀರೆ ಒದ್ದೆಯಾದರೆ ಅಂತ ರಾತ್ರಿ ಯಕ್ಷಗಾನ ಆಟಕ್ಕೆ ಹೋಗುವುದನ್ನೇ ಬಿಟ್ಟವರು ನನ್ನ ನೆಂಟರಲ್ಲೇ ಇದ್ದಾರೆ. ಕೇಳಿದರೆ "ಹೆತ್ತಾಯ್ತಲ್ಲ, ವಯಸ್ಸೂ ಆಯ್ತು" ಅನ್ನುತ್ತಾರೆ. ಹೆರಿಗೆ, ಮುಟ್ಟು ನಿಲ್ಲುವುದು ಕಾರಣ ಇರಬಹುದು. ಆದರೆ ಇದಕ್ಕೆ ಚಿಕಿತ್ಸೆ ಇದೆ.

ನೀರು ಕುಡಿಯುವುದನ್ನು ಬಿಡುವುದಂತೂ ಬೇಡವೇ ಬೇಡ. ಮೂತ್ರ ಕಡು ಹಳದಿಯಾಗಿ ಮೂತ್ರಚೀಲವನ್ನು ಇನ್ನಷ್ಟು ಕೆರಳಿಸುತ್ತದೆ. ಕಡಿಮೆ ಮಾಡುವುದಾದರೆ ಚಾ, ಕಾಫಿ ಕಡಿಮೆ ಮಾಡಿ. ಮಲಬದ್ಧತೆ ಇದ್ದರೆ ಅದನ್ನೂ ಸರಿ ಮಾಡಿಕೊಳ್ಳಬೇಕು.

ಸೋರುವುದರಲ್ಲೂ ಬೇರೆ ಬೇರೆ ಇದೆ. ಕೆಮ್ಮಿದಾಗ ಸೋರುವುದು ಮೂತ್ರಚೀಲವನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯು ಸಡಿಲವಾದ್ದರಿಂದ. ಅದಕ್ಕೆ ಮೊದಲ ಮದ್ದು ವ್ಯಾಯಾಮ, ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಹೇಳಿದ್ದು. ಗಾಳಿ ಹೋಗದಂತೆ ತಡೆಯುವಾಗ ಒಳಗೆ ಬಿಗಿಯಾಗುತ್ತದಲ್ಲ, ಅದೇ ಸ್ನಾಯು. ಉಸಿರು ಕಟ್ಟದೆ, ಹೊಟ್ಟೆ ಬಿಗಿ ಮಾಡದೆ ಅದನ್ನು ಮೇಲಕ್ಕೆ ಎಳೆದು ಕೆಲವು ಸೆಕೆಂಡು ಹಿಡಿದು, ಪೂರ್ತಿ ಸಡಿಲ ಬಿಡಬೇಕು. ಒಂದು ಸಲಕ್ಕೆ 8-10, ದಿನಕ್ಕೆ 3 ಹೊತ್ತು, ಕಡಿಮೆ ಎಂದರೂ 3 ತಿಂಗಳು. ಬೀಡಿ ಕಟ್ಟುತ್ತಾ ಕೂತಲ್ಲೇ ಮಾಡಬಹುದು, ಪಕ್ಕದವರಿಗೂ ಗೊತ್ತಾಗುವುದಿಲ್ಲ. ಫಿಸಿಯೋಥೆರಪಿಯವರು ಒಮ್ಮೆ ಸರಿಯಾಗಿ ಹೇಳಿಕೊಟ್ಟರೆ ಇನ್ನೂ ಒಳ್ಳೆಯದು.

ಇನ್ನು ಕೆಲವರಿಗೆ ಒಮ್ಮೆಲೇ ಅರ್ಜೆಂಟಾಗಿ, ಬಚ್ಚಲಿಗೆ ಮುಟ್ಟುವ ಮೊದಲೇ ಹೋಗಿಬಿಡುತ್ತದೆ. ಅವರು ಹೋಗುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಮುಂದೂಡುತ್ತಾ ಮೂತ್ರಚೀಲಕ್ಕೆ ಅಭ್ಯಾಸ ಮಾಡಿಸಬೇಕು. ಸಾಲದಿದ್ದರೆ ಮಾತ್ರೆ ಇದೆ. ಉರಿ, ಜ್ವರ, ಮೂತ್ರದಲ್ಲಿ ರಕ್ತ ಕಂಡರೆ ತಡ ಮಾಡದೆ ಡಾಕ್ಟರ ಹತ್ರ ಹೋಗಿ. ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಲಿ.

ನಮ್ಮಲ್ಲಿ ಬಾಣಂತನ ಎಂದರೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವುದೇನು, ಹೊಟ್ಟೆಗೆ ಬಟ್ಟೆ ಕಟ್ಟುವುದೇನು! ಅಷ್ಟೆಲ್ಲ ಮಾಡುವ ಮನೆಯಲ್ಲೂ ಈ ಸ್ನಾಯುವಿನ ಮಾತು ಬರುವುದಿಲ್ಲ. ಮಗುವಿನ 6 ವಾರದ ಚುಚ್ಚುಮದ್ದಿಗೆ ತಾಯಿ ಹೇಗೂ ಬರುತ್ತಾಳೆ ಅಲ್ವಾ? ಆಗಲೇ ನರ್ಸ್, ಆಶಾ ಕಾರ್ಯಕರ್ತೆಯರು "ಕೆಮ್ಮುವಾಗ ಮೂತ್ರ ಸೋರುತ್ತದಾ?" ಎಂದು ಬದಿಗೆ ಕರೆದು ಕೇಳಲಿ. ಅವಳಾಗಿಯೇ ಹೇಳಲಿ ಎಂದು ಕಾದರೆ ಹೇಳುವುದಿಲ್ಲ. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಆರೋಗ್ಯ ಇಲಾಖೆ ಇದನ್ನು ಈ ವರ್ಷವೇ ಶುರು ಮಾಡಬೇಕು.

– ಓದುಗ ಮಹಿಳೆ, ಕಾಪು