ಮೃದಂಗ ತರಗತಿಯ ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ನಮ್ಮ ಗುರುಗಳ ಎಡ ಮಣಿಕಟ್ಟಿನ ಹಳೆಯ ಗಾಯಕ್ಕೆ ಮುಂದಿನ ವಾರ ಶಸ್ತ್ರಚಿಕಿತ್ಸೆ ನಡೆಯಲಿದೆ. ಹೆಬ್ಬೆರಳಿನ ಬುಡದ ಕಡೆಗಿರುವ ಸ್ಕ್ಯಾಫಾಯ್ಡ್ ಎಂಬ ಪುಟ್ಟ ಮೂಳೆಗೆ ರಕ್ತವು ಮುಖ್ಯವಾಗಿ ಬೆರಳಿನ ಕಡೆಯ ತುದಿಯಿಂದಲೇ ಹರಿದುಬರುವುದರಿಂದ, ಬಿರುಕು ಬಿಟ್ಟರೆ ಇನ್ನೊಂದು ತುದಿಗೆ ರಕ್ತ ಸರಿಯಾಗಿ ತಲುಪದೆ, ಆ ಬಿರುಕು ಕೆಲವೊಮ್ಮೆ ಕೂಡದೆ ಉಳಿದು, ವರ್ಷಗಳ ನಂತರ ನೋವಾಗಿ ಕಾಡುತ್ತದೆ. ಗುರುಗಳಿಗೆ ಆಗಿರುವುದೂ ಅದೇ. ಸೊಂಟದ ಮೂಳೆಯ ತುಣುಕನ್ನು ಕಸಿ ಮಾಡಿ ಸ್ಕ್ರೂ ಹಾಕುವುದಾಗಿ ವೈದ್ಯರು ತಿಳಿಸಿದ್ದಾರೆ. ಮೃದಂಗದ ಎಡ ಮುಖವಾದ ತೊಪ್ಪಿಯ ಮೇಲೆ ಗುಮ್ಕಿ ಎಂಬ ಜಾರುನಾದವನ್ನು ನುಡಿಸಲು ಅಂಗೈಯ ಬುಡವನ್ನು ಒತ್ತಿ ಜಾರಿಸಬೇಕಾದ್ದರಿಂದ, ಮೂಳೆ ಕೂಡಿದೆಯೆಂದು ಖಚಿತವಾಗುವವರೆಗೆ ಅವರು ವಾದ್ಯ ಮುಟ್ಟುವಂತಿಲ್ಲ. ಅಲ್ಲಿಯವರೆಗೆ ಪಾಠವು ಸೊಲ್ಲುಕಟ್ಟಿನಲ್ಲೇ, ಅಂದರೆ ಲಯದ ನುಡಿಗಳನ್ನು ಬಾಯಿಯಲ್ಲಿ ಹೇಳುವುದರಲ್ಲೇ, ನಡೆಯಲಿದೆ (ನಾವೆಲ್ಲ ಬಹುಕಾಲದಿಂದ ಅಲಕ್ಷಿಸಿದ್ದೂ ಅದನ್ನೇ). ಸಂಗೀತ ಕಚೇರಿಗೆ ಯಾವಾಗ ಮರಳುತ್ತೀರೆಂದು ದಯವಿಟ್ಟು ಅವರನ್ನು ಕೇಳಬೇಡಿ. ಆಸ್ಪತ್ರೆಗೆ ಗುಂಪಾಗಿ ಹೋಗದೆ, ಕರೆಯ ಬದಲು ಸಂದೇಶವನ್ನಷ್ಟೇ ಕಳುಹಿಸಬೇಕಾಗಿ ವಿನಂತಿ.